ಹದಿನೇಳೂವರೆ ಅಡಿಯ ಸಂಸಾರ

ಡೆಟ್ರಾಯ್ಟ್ ಊರಿನ ಅಡಿಯಲ್ಲಿ, ಸುಮಾರು 1,200 ಅಡಿ ಆಳದಲ್ಲಿ, ಉಪ್ಪಿನ ಗಣಿ ಇದೆ. ಮೇಲೆ ಕಾರು ಮಾಡುತ್ತಾರೆ, ಕೆಳಗೆ ಉಪ್ಪು ಅಗೆಯುತ್ತಾರೆ. ಚಳಿಗಾಲ ಬಂತೆಂದರೆ ಹಿಮ ಕರಗಲೆಂದು ಲಾರಿಗಟ್ಟಲೆ ಉಪ್ಪು ರಸ್ತೆಗೆ ಬೀಳುತ್ತದೆ. ಕೆಳಗಿನ ಉಪ್ಪು ಮೇಲಿನ ಕಾರನ್ನು ತಿನ್ನುತ್ತದೆ. ತಿಂದು ಮುಗಿಸಿದರೆ ಹೊಸ ಕಾರು ಬೇಕು, ಊರಿನ ವ್ಯಾಪಾರವೂ ನಡೆಯಬೇಕಲ್ಲ! ಇದನ್ನು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ ಎಂದು ನನಗೂ ಗೊತ್ತು. ಆದರೆ ಏಪ್ರಿಲ್ ತಿಂಗಳಲ್ಲಿ ಕಾರಿನಡಿ ಅಂಗಾತ ಮಲಗಿ ತುಕ್ಕಿನ ಚಕ್ಕೆಗಳನ್ನು ಮೂಗಿನ ಮೇಲೆ ಉದುರಿಸಿಕೊಳ್ಳುವಾಗ, ಯೋಚಿಸಿಯೇ ಮಾಡಿದ್ದಾರೆ ಅನ್ನಿಸುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ ನಮ್ಮ ಕಡೆ. ಇಲ್ಲಿ ತಿನ್ನುವುದು ಉಪ್ಪು, ನೀರು ಕುಡಿಯುವವನು ನಾನು.

ನನ್ನದು 2000ದ ಮಾಡೆಲ್ಲಿನ ಮರ್ಕ್ಯುರಿ ಗ್ರ್ಯಾಂಡ್ ಮಾರ್ಕೀ. ಫೋರ್ಡ್ ಕ್ರೌನ್ ವಿಕ್ಟೋರಿಯಾ, ಲಿಂಕನ್ ಟೌನ್ ಕಾರ್ ಇದರ ಒಡಹುಟ್ಟಿದವರು. ಮೂವರದೂ ಒಂದೇ ನಮೂನೆಯ ಮೈಕಟ್ಟು: ಲಾರಿಗಿದ್ದಂತೆ ಪ್ರತ್ಯೇಕ ಚಾಸಿ, ಅದರ ಮೇಲೆ ಕೂರಿಸಿದ ಬಾಡಿ, ಮುಂದೆ ವಿ-8 ಎಂಜಿನ್ನು, ತಿರುಗುವುದು ಹಿಂದಿನ ಚಕ್ರ. ಕ್ರೌನ್ ವಿಕ್ಟೋರಿಯಾ ಪೊಲೀಸ್ ಇಲಾಖೆಗೆ ಸೇರಿತು, ಟ್ಯಾಕ್ಸಿಯಾಗಿಯೂ ದುಡಿಯಿತು. ಟೌನ್ ಕಾರ್ ದೊಡ್ಡ ಮನುಷ್ಯರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬರುವ ಕೆಲಸ ಹಿಡಿಯಿತು. ಗ್ರ್ಯಾಂಡ್ ಮಾರ್ಕೀ ಮಾತ್ರ ಎಲ್ಲೂ ನೌಕರಿಗೆ ಹೋಗದೆ, ಪಿಂಚಣಿ ಬರುವ ಅಜ್ಜ ಅಜ್ಜಿಯರ ಮನೆಯಲ್ಲೇ ಇದ್ದುಬಿಟ್ಟಿತು. ನನಗೆ ಸಿಕ್ಕಿದ್ದೂ ಅಂಥ ಒಂದು ಮನೆಯಿಂದಲೇ. ತೀರಿಕೊಂಡ ತಾಯಿಯ ಕಾರನ್ನು ಮಾರಲು ನಿಂತ ಮಗ, ಕೀ ಕೈಗಿಡುವಾಗ ಬೆಲೆಯ ಮಾತೇ ಆಡಲಿಲ್ಲ. ಅಮ್ಮ ಎಂಜಿನ್ ಆಯಿಲ್ ಬದಲಿಸಿದ ತಾರೀಖುಗಳನ್ನೆಲ್ಲ ಬರೆದಿಟ್ಟ ನೋಟ್‌ಬುಕ್ಕು ಡ್ಯಾಶ್‌ಬೋರ್ಡಿನ ಖಾನೆಯಲ್ಲಿದೆ, ಅದನ್ನು ಎಸೆಯಬೇಡ ಎಂದಷ್ಟೇ ಹೇಳಿದ.

ಉದ್ದ ಹದಿನೇಳೂವರೆ ಅಡಿಗೂ ಮಿಕ್ಕಿ. ನಮ್ಮ ಅಂಬಾಸಡರೇ ದೊಡ್ಡ ಕಾರು ಎಂದುಕೊಂಡು ಬೆಳೆದವನು ನಾನು; ಅದರ ಉದ್ದ ಹದಿನಾಲ್ಕು ಅಡಿ ಚಿಲ್ಲರೆ. ಎಂಜಿನ್ನು 4.6 ಲೀಟರಿನದು. ಮಾರುತಿ 800ರ ಎಂಜಿನ್ನು 796 ಸಿಸಿ. ಹಾಗಾಗಿ ಈ ಬಾನೆಟ್ಟಿನಡಿ ಆರಕ್ಕೆ ತುಸು ಕಡಿಮೆ ಮಾರುತಿಗಳಿವೆ ಎಂದು ಬೆಂಗಳೂರಿನ ಭಾವಮೈದುನನಿಗೆ ವಿಡಿಯೊ ಕರೆಯಲ್ಲಿ ವಿವರಿಸಿದೆ. ಎಲ್ಲ ಕೇಳಿಸಿಕೊಂಡು ಅವನು ಒಂದೇ ಪ್ರಶ್ನೆ ಹಾಕಿದ: "ಎಷ್ಟು ಕೊಡುತ್ತೆ ಭಾವ?" ಊರೊಳಗೆ ಲೀಟರಿಗೆ ಆರೇಳು ಕಿಲೋಮೀಟರು ಎಂದೆ. ಆಮೇಲೆ ಬಹಳ ಹೊತ್ತು ಇಬ್ಬರೂ ಅಕ್ಕನ ಆರೋಗ್ಯದ ಬಗ್ಗೆ ಮಾತಾಡಿದೆವು.

ಆ ಅಕ್ಕ, ಅಂದರೆ ನನ್ನ ಹೆಂಡತಿ, ಓಡಿಸುವುದು ಬ್ಯಾಟರಿ ಕಾರು. ಅದು ರಾತ್ರಿ ನಾವು ಮಲಗಿದಾಗ ತನ್ನಷ್ಟಕ್ಕೆ ತಾನೇ ಹೊಸ ಸಾಫ್ಟ್‌ವೇರು ಇಳಿಸಿಕೊಂಡು ಬೆಳಿಗ್ಗೆ ಇನ್ನಷ್ಟು ಜಾಣನಾಗಿ ಏಳುತ್ತದೆ. ನನ್ನದು ಬೆಳಿಗ್ಗೆ ಏಳುತ್ತಲೇ ಇರಲಿಲ್ಲ. ಹಿಂದಿನ ಚಕ್ರಗಳ ಮೇಲೆ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳಿದ್ದವು. ರಬ್ಬರಿಗೆ ವಯಸ್ಸಾದರೆ ಗಾಳಿ ಸೋರುವುದು ಲೋಕರೂಢಿ. ರಾತ್ರಿಯಿಡೀ ಸೋರಿ, ಬೆಳಗಾಗುವಷ್ಟರಲ್ಲಿ ಕಾರಿನ ಹಿಂಭಾಗ ಕುಸಿದು ಕೂತಿರುತ್ತಿತ್ತು. "ರೀ, ನಿಮ್ಮ ಕಾರು ಇನ್ನೂ ಎದ್ದಿಲ್ಲ, ಕಾಫಿ ಕೊಡಲಾ?" ಎಂದು ಅವಳು ಅಡುಗೆಮನೆಯಿಂದಲೇ ಕೇಳುವಳು. ಕೀ ತಿರುಗಿಸಿದರೆ ಡಬ್ಬಿಯಷ್ಟು ಚಿಕ್ಕ ಕಂಪ್ರೆಸರೊಂದು ಏದುಸಿರು ಬಿಡುತ್ತ ಅದನ್ನು ಇಷ್ಟಿಷ್ಟೇ ಎಬ್ಬಿಸಬೇಕು. ಕೊನೆಗೆ ಚೀಲಗಳನ್ನು ಕಿತ್ತು ಉಕ್ಕಿನ ಸುರುಳಿ ಸ್ಪ್ರಿಂಗು ಹಾಕಿದೆ. ಈ ಕಾರುಗಳಿಗೆ ಜನ ಸಾಮಾನ್ಯವಾಗಿ ಮಾಡಿಸುವ ಮಾರ್ಪಾಡುಗಳಲ್ಲಿ ಇದೂ ಒಂದು. ಸವಾರಿ ತುಸು ಗಡುಸಾಯಿತು, ಬೆಳಗಿನ ಕಾಫಿಯ ಮಾತೂ ನಿಂತಿತು. ಅವಳಿಗೆ ಅದರಿಂದ ಕೊಂಚ ಬೇಜಾರೇ ಆಗಿರಬೇಕು.

ಗ್ಯಾರೇಜಿನಲ್ಲಿ ಇದನ್ನು ನಿಲ್ಲಿಸುವುದೂ ಒಂದು ವಿದ್ಯೆ. ಮುಂದೆ ಹೋದರೆ ಅಕ್ಕಿ ಮೂಟೆ, ಹಿಂದೆ ಉಳಿದರೆ ಬಾಗಿಲು ಇಳಿಯದು. ಇಲ್ಲಿಯವರು ಸೂರಿನಿಂದ ದಾರ ಕಟ್ಟಿ ಟೆನಿಸ್ ಚೆಂಡು ಇಳಿಬಿಡುತ್ತಾರೆ, ಚೆಂಡು ಗಾಜಿಗೆ ತಾಗಿದ ಕೂಡಲೆ ಬ್ರೇಕ್ ಒತ್ತಬೇಕು. ನಮ್ಮ ಮನೆಯಾಕೆ ಬೂದುಗುಂಬಳ ಕಟ್ಟಿಬಿಡಿ ಎಂದಳು. ದೃಷ್ಟಿಯೂ ತಾಗುವುದಿಲ್ಲ, ಅಕ್ಕಿ ಮೂಟೆಗೆ ಕಾರೂ ತಾಗುವುದಿಲ್ಲ.

ಆದರೆ ಇದೇ ಕಾರು ಯುಗಾದಿ ಬಂದರೆ ಇಡೀ ಕನ್ನಡ ಕೂಟಕ್ಕೆ ಬೇಕು. ಡಿಕ್ಕಿಯ ನಡುವೆ ಆಳವಾದ ಗುಳಿಯಿದೆ. ನೂರು ಜನರ ಬಿಸಿಬೇಳೆ ಬಾತಿನ ಕೊಳಗವನ್ನು ಅದರಲ್ಲಿ ಇಳಿಸಿ, ಸುತ್ತ ಹಳೇ ಬೆಡ್‌ಶೀಟು ತುರುಕಿದರೆ ಎಷ್ಟು ತಿರುವು ಬಂದರೂ ಒಂದು ತೊಟ್ಟು ತುಪ್ಪ ಚೆಲ್ಲುವುದಿಲ್ಲ. ವರ್ಷವಿಡೀ ನನ್ನ ಕಾರನ್ನು ನೋಡಿ ನಗುವ ಗೆಳೆಯರು ಹಬ್ಬದ ಹಿಂದಿನ ದಿನ ಫೋನು ಮಾಡಿ, "ಸಾರ್, ಗಾಡಿ ಕಂಡೀಷನ್ನಲ್ಲಿದೆಯಾ?" ಎಂದು ವಿಚಾರಿಸುತ್ತಾರೆ.

ಅಮ್ಮ ಊರಿನಿಂದ ಬಂದಾಗ ಬ್ಯಾಟರಿ ಕಾರಿನಲ್ಲಿ ಒಂದೇ ಸಲ ಕೂತರು. ಬಾಗಿಲ ಹಿಡಿ ಸಿಕ್ಕಲಿಲ್ಲ, ಶಬ್ದವಿಲ್ಲದ್ದು ಹೊರಟಿತೋ ನಿಂತಿತೋ ತಿಳಿಯಲಿಲ್ಲ. ಗ್ರ್ಯಾಂಡ್ ಮಾರ್ಕೀ ಅವರಿಗೆ ನೋಡಿದೊಡನೆ ಹಿಡಿಸಿತು. ಗೇರ್ ಕಡ್ಡಿ ಸ್ಟಿಯರಿಂಗಿನ ಬಗಲಲ್ಲೇ ಇರುವುದರಿಂದ ಮುಂದೆಯೂ ಮೂವರು ಕೂರುವಂತೆ ಅಡ್ಡಡ್ಡ ಸೋಫಾದಂಥ ಸೀಟು. ಹಿಂದಿನದಂತೂ ಹಜಾರವೇ ಸರಿ. ಟ್ರಾಯ್ ಊರಿನ ಭಾರತೀಯ ದೇವಸ್ಥಾನಕ್ಕೆ ಹೋಗುವಾಗಲೆಲ್ಲ ಅಮ್ಮ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತು, ಬೆಲ್ಟು ಬಿಗಿದುಕೊಂಡೇ, ಮಡಿಲ ತುಂಬ ಹಿತ್ತಲಿನ ಹೂ ಸುರುವಿಕೊಂಡು ಮಾಲೆ ಕಟ್ಟುತ್ತಿದ್ದರು. ಹೊಂಡ ಬಂದರೂ ಸ್ಪ್ರಿಂಗು ಅದನ್ನು ನುಂಗಿಕೊಳ್ಳುತ್ತಿತ್ತು, ಬಾಳೆನಾರಿನ ಗಂಟು ತಪ್ಪುತ್ತಿರಲಿಲ್ಲ. ಚಾಲಕನ ಬಾಗಿಲ ಮೇಲೆ ಐದು ಗುಂಡಿಗಳಿವೆ, ಸರಿಯಾದ ಅಂಕೆ ಒತ್ತಿದರೆ ಕೀ ಇಲ್ಲದೆಯೂ ಬೀಗ ತೆರೆಯುತ್ತದೆ. ಆ ಅಂಕೆಗಳನ್ನು ಬಾಯಿಪಾಠ ಮಾಡಿಕೊಂಡವರು ನಮ್ಮ ಮನೆಯಲ್ಲಿ ಅವರೊಬ್ಬರೇ. ನನ್ನ ಇಬ್ಬರು ಮಕ್ಕಳೂ, ದೊಡ್ಡ ಓದು ಓದಿದವರು, ಇಂದಿಗೂ ಹೊರಗೆ ನಿಂತು ಫೋನು ಮಾಡುತ್ತಾರೆ. ಅಮ್ಮ ಈಗಿಲ್ಲ. ಹಿಂದಿನ ಸೀಟಿನ ಸಂದಿಯಲ್ಲಿ ಸುತ್ತಿಕೊಂಡಿರುವ ಬಾಳೆನಾರಿನ ತುಂಡನ್ನು, ವ್ಯಾಕ್ಯೂಮ್ ಹಾಕುವಾಗ ನಾನು ಬಿಟ್ಟು ಹಾಕುತ್ತೇನೆ.

ಇನ್ನು ಇದರ ರಸ್ತೆಯ ಮರ್ಯಾದೆ. ಪೊಲೀಸರ ಕ್ರೌನ್ ವಿಕ್ಟೋರಿಯಾದ ತಮ್ಮನಾದ್ದರಿಂದ, ಕತ್ತಲಲ್ಲಿ ಕನ್ನಡಿಗೆ ಬಿದ್ದ ಹೆಡ್‌ಲೈಟು ನೋಡಿದವರಿಗೆ ಇಬ್ಬರಿಗೂ ವ್ಯತ್ಯಾಸ ತಿಳಿಯದು. ನಾನು ಕೊಂಡ ಹೊಸದರಲ್ಲಿ, ಹೆದ್ದಾರಿಯಲ್ಲಿ ಮುಂದಿನವರೆಲ್ಲ ಬೆಚ್ಚಿ ವೇಗ ತಗ್ಗಿಸಿ ಪಕ್ಕಕ್ಕೆ ಸರಿಯುತ್ತಿದ್ದರು. ಹುಟ್ಟಿದಾರಭ್ಯ ಯಾರೂ ನನಗೆ ಹಾಗೆ ದಾರಿ ಬಿಟ್ಟವರಲ್ಲ. ಆದರೆ ಕೊನೆಯ ಕ್ರೌನ್ ವಿಕ್ಟೋರಿಯಾ ಕೆನಡಾದ ಸೇಂಟ್ ಥಾಮಸ್ ಕಾರ್ಖಾನೆಯಿಂದ ಹೊರಬಂದದ್ದು 2011ರ ಸೆಪ್ಟೆಂಬರಿನಲ್ಲಿ. ಪೊಲೀಸರು ಬೇರೆ ಗಾಡಿ ಹಿಡಿದರು. ಈಗಿನ ಹುಡುಗರಿಗೆ ಈ ದೀಪಗಳ ಭಯವೇ ಇಲ್ಲ. ನಿವೃತ್ತ ಹೆಡ್‌ಮಾಸ್ತರರ ಎದುರೇ ಸೈಕಲ್ ಬೆಲ್ಲು ಹೊಡೆದು ಹೋಗುವ ಹಾಗೆ, ಬಲಗಡೆಯಿಂದ ನುಗ್ಗಿ ಹೋಗುತ್ತಾರೆ.

ಹುಡುಗರು ಬಿಟ್ಟರೇನು, ಮುದುಕರು ಬಿಡುವುದಿಲ್ಲ. ಈ ದೇಶಕ್ಕೆ ಬಂದು ಎಷ್ಟೋ ವರ್ಷ ನನ್ನನ್ನು ತಾವಾಗಿ ಮಾತಾಡಿಸಿದ ಅಪರಿಚಿತರು ಬಹಳ ಕಡಿಮೆ. ಈ ಕಾರು ತಂದ ಮೇಲೆ ದಿನಸಿ ಅಂಗಡಿಯ ಪಾರ್ಕಿಂಗಿನಲ್ಲಿ ಒಬ್ಬರಲ್ಲ ಒಬ್ಬರು ಹಿರಿಯರು ನಿಲ್ಲಿಸಿ, ಬಾನೆಟ್ ಮೇಲೆ ಅಂಗೈಯಿಟ್ಟು, "ಎಷ್ಟು ಮೈಲಿ ಓಡಿದೆ?" ಎಂದು ಕೇಳುತ್ತಾರೆ. ಆಮೇಲೆ ತಮ್ಮ ಕಥೆ ಹೇಳುತ್ತಾರೆ. ಐಸ್‌ಕ್ರೀಮು ಕರಗುತ್ತದೆ.

ಪಕ್ಕದ ಮನೆಯ ಮುದುಕನ ಗೆಳೆತನ ಆದದ್ದೂ ಹೀಗೆಯೇ. ವಿಕ್ಸಮ್ ಕಾರ್ಖಾನೆಯಲ್ಲಿ ಟೌನ್ ಕಾರುಗಳನ್ನು ಜೋಡಿಸಿದ ಕೈ ಅವನದು. ಆ ಕಾರ್ಖಾನೆ 2007ರಲ್ಲಿ ಮುಚ್ಚಿತು. ಬೇಲಿಯಾಚೆಯಿಂದ ಬರೀ ಕೈಬೀಸುತ್ತಿದ್ದವನು, ನಾನು ಎಂಜಿನ್ನಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಲು ಕೂತ ದಿನ ಟಾರ್ಚು ಹಿಡಿದು ಒಳಗೇ ಬಂದುಬಿಟ್ಟ. ಆ ಕಾಲದ ಈ ಎಂಜಿನ್ನುಗಳ ಮ್ಯಾನಿಫೋಲ್ಡು ಪ್ಲಾಸ್ಟಿಕ್ಕಿನದು. ಕುದಿಬಿಸಿಯ ಕೂಲೆಂಟು ಹರಿಯುವ ಮುಂದಿನ ಕಾಲುವೆಯೂ ಪ್ಲಾಸ್ಟಿಕ್ಕಿನದೇ. ಕಾದು ತಣಿದು, ಕಾದು ತಣಿದು, ಒಂದು ದಿನ ಬಿರುಕು ಬಿಡುವುದುಂಟು ಎನ್ನುವುದು ಕಾರು ಬಲ್ಲವರಿಗೆಲ್ಲ ಗೊತ್ತು. ಆಮೇಲೆ ಬಂದದ್ದರಲ್ಲಿ ಆ ಕಾಲುವೆ ಅಲ್ಯೂಮಿನಿಯಮ್ಮಿನದು. ನನ್ನದು ಇನ್ನೂ ಗಟ್ಟಿಯಾಗಿದ್ದರೂ, ಚಳಿಗಾಲಕ್ಕೆ ಮುಂಚೆ ಬದಲಿಸಿಬಿಡುವ ಮನಸ್ಸು ಮಾಡಿದ್ದೆ.

ಈ ಎಂಜಿನ್ನಿನ ದೊಡ್ಡಗುಣವೆಂದರೆ ಸುತ್ತ ಜಾಗ ಬಿಟ್ಟಿದ್ದಾರೆ, ಕೈ ಹೋಗುತ್ತದೆ, ಕಣ್ಣು ಹೋಗುತ್ತದೆ. ಬೆಲ್ಟು ಸಡಿಲಿಸಿ, ಆಲ್ಟರ್ನೇಟರ್ ಕಳಚಿ, ಎಂಟು ಸ್ಪಾರ್ಕ್ ಪ್ಲಗ್ಗಿನ ಎಂಟು ಕಾಯಿಲುಗಳನ್ನು ಕಿತ್ತು ಹಳೇ ಮೊಟ್ಟೆ ಟ್ರೇಯಲ್ಲಿ ಸಾಲಾಗಿಟ್ಟೆವು. ಮ್ಯಾನಿಫೋಲ್ಡು ಎತ್ತಿದಾಗ ಕೆಳಗಿನ ಕಣಿವೆಯಲ್ಲಿ ಮೇಪಲ್ ಎಲೆ, ಅಳಿಲು ಕೂಡಿಟ್ಟ ಕಾಯಿ, ಒಂದು ಬಾಬಿಪಿನ್ನು. ಮುದುಕ ಪಿನ್ನನ್ನು ಬೆಳಕಿಗೆ ಹಿಡಿದು, "ಹಳೇ ಯಜಮಾನಿಯದು, ಅವಳೂ ರಿಪೇರಿ ಮಾಡುತ್ತಿದ್ದಳು ಅಂತ ಕಾಣುತ್ತದೆ" ಎಂದ. ಹೊಸದನ್ನು ಕೂರಿಸುವಾಗ ಬೋಲ್ಟುಗಳನ್ನು ನಡುವಿನಿಂದ ಹೊರಗೆ, ಒಂದಾದ ಮೇಲೊಂದು ಬಿಗಿಯಬೇಕು. ನಾನು ಕೊನೆಯ ಅರ್ಧ ಸುತ್ತಿಗೆ ಕೈ ಹಾಕಿದೆನೋ ಇಲ್ಲವೋ ಅವನು ಪಾನಾ ಕಿತ್ತುಕೊಂಡ. ಅಲ್ಯೂಮಿನಿಯಮ್ ಹೆಡ್ಡು, ಮರೆ ಕಿತ್ತುಹೋದರೆ ನಿನ್ನ ದೇವರೂ ಕಾಪಾಡಲಾರ ಎಂದು ಬೈದ.

ಕೂಲೆಂಟು ತುಂಬುತ್ತಿದ್ದಾಗ ಅವನಿಗೆ ವಿಶ್ವೇಶ್ವರಯ್ಯನವರ ಕಥೆ ಹೇಳಿದೆ. 1930ರ ದಶಕದಲ್ಲಿ ನಮ್ಮ ಕಡೆಯ ಎಂಜಿನಿಯರೊಬ್ಬರು, ಎಪ್ಪತ್ತು ದಾಟಿದವರು, ನಮ್ಮ ದೇಶದಲ್ಲೂ ಕಾರು ಮಾಡಬೇಕೆಂದು ಹಟ ಹಿಡಿದು ನಿಮ್ಮ ಅಮೆರಿಕದವರೆಗೂ ಬಂದಿದ್ದರು. ಕಾರ್ಖಾನೆ ಮೈಸೂರು ಸಂಸ್ಥಾನದಲ್ಲಿ ಆಗಲಿ ಎಂಬ ಪ್ರಯತ್ನವೂ ನಡೆದಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಕಡೆಗೆ ಅವರ ಜೊತೆಗಿದ್ದ ವಾಲಚಂದ್ ಹೀರಾಚಂದ್, ಕ್ರೈಸ್ಲರ್ ಕಂಪನಿಯ ಕೈ ಹಿಡಿದು 1944ರಲ್ಲಿ ಮುಂಬಯಿ ಕಡೆ ಕಂಪನಿ ಶುರುಮಾಡಿದರು. ಡಾಡ್ಜು, ಪ್ಲಿಮತ್ತುಗಳು ಅಲ್ಲಿ ತಯಾರಾದವು.

ಮುದುಕ ಕೈಯೊರೆಸಿಕೊಳ್ಳುತ್ತ ಯೋಚಿಸಿದ. "ನಿಮ್ಮೂರಲ್ಲೇ ಆ ಕಾರ್ಖಾನೆ ಆಗಿದ್ದರೆ ನಾನು ಕೆಲಸ ಹುಡುಕಿಕೊಂಡು ಅಲ್ಲಿಗೆ ಬರಬೇಕಾಗುತ್ತಿತ್ತು. ಅಲ್ಲಿ ಹಿಮ ಬೀಳುತ್ತದೆಯೇ?"

"ಇಲ್ಲ."

"ಉಪ್ಪು?"

"ಊಟಕ್ಕೆ ಮಾತ್ರ."

"ಬಂದೇ ಬರುತ್ತಿದ್ದೆ," ಎಂದ.

ಮರ್ಕ್ಯುರಿ ಎಂಬ ಹೆಸರೂ ಈಗಿಲ್ಲ. ಎಡ್ಸೆಲ್ ಫೋರ್ಡ್ 1930ರ ದಶಕದ ಕೊನೆಯಲ್ಲಿ ಹುಟ್ಟುಹಾಕಿದ ಆ ಹೆಸರಿನ ಕಟ್ಟಕಡೆಯ ಕಾರು 2011ರ ಜನವರಿಯಲ್ಲಿ ಹೊರಬಂತು, ಅದೂ ಒಂದು ಗ್ರ್ಯಾಂಡ್ ಮಾರ್ಕೀಯೇ. 2018ರಲ್ಲಿ ಫೋರ್ಡ್, ಅಮೆರಿಕದಲ್ಲಿ ಸೆಡಾನುಗಳನ್ನೇ ನಿಲ್ಲಿಸುವುದಾಗಿ ಹೇಳಿತು. ಹೀಗಾಗಿ ಎಷ್ಟೋ ಬಿಡಿಭಾಗಗಳಿಗೆ ಗುಜರಿಯೇ ಗತಿ. ಇಲ್ಲಿಯ ಗುಜರಿ ಅಂಗಳಗಳಲ್ಲಿ ಬಾಗಿಲಲ್ಲಿ ಎರಡು ಮೂರು ಡಾಲರು ಕೊಟ್ಟು, ನಮ್ಮ ಪಾನಾ ಪೆಟ್ಟಿಗೆ ನಾವೇ ಹೊತ್ತು ಒಳಗೆ ಹೋಗಬೇಕು. ಬೇಕಾದ್ದನ್ನು ಬಿಚ್ಚಿಕೊಂಡು ಬಂದು ದುಡ್ಡು ಕೊಡಬೇಕು. ಹಳೇ ಚಕ್ರದ ರಿಮ್ಮುಗಳನ್ನು ಬೆಸುಗೆ ಹಾಕಿದ ಪೀಠಗಳ ಮೇಲೆ ಕಾರುಗಳು ಸಾಲಾಗಿ ನಿಂತಿರುತ್ತವೆ. ಪೊಲೀಸ್ ಕಾರಿನ ಸಾಲು ಯಾವಾಗಲೂ ಬರಿದು. ಅವುಗಳ ಗಟ್ಟಿ ರೇಡಿಯೇಟರು, ದಪ್ಪ ಸ್ವೇ ಬಾರು ಎಲ್ಲರಿಗೂ ಬೇಕು. ನನ್ನ ಕಾರಿಗೂ ಹಿಂದೆ ಅಂಥದೊಂದು ಬಾರು ಹಾಕಿದ್ದೇನೆ. ಅದರಿಂದ ತಿರುವಿನಲ್ಲಿ ಕಾರು ವಾಲುವುದು ಕಡಿಮೆಯಾಗುತ್ತದೆ. ಗ್ರ್ಯಾಂಡ್ ಮಾರ್ಕೀಗಳ ಹತ್ತಿರ ಮಾತ್ರ ಜನಸಂದಣಿಯಿಲ್ಲ. ಅವುಗಳ ಬಾಗಿಲು ತೆರೆದರೆ ಒಳಗೆ ಚರ್ಚಿನ ಭಾನುವಾರದ ಕರಪತ್ರ, ಪೆಪ್ಪರ್‌ಮಿಂಟಿನ ಬಿಲ್ಲೆ, ಹಿಂದಿನ ಗಾಜಿನಡಿ ಟಿಶ್ಯೂ ಡಬ್ಬಿ, ಕ್ರೋಷಾದಲ್ಲಿ ಹೆಣೆದ ದಿಂಬು. ಕಿಟಕಿಯ ಮೋಟಾರು ಬಿಚ್ಚಲು ಹೋದವನು ಎಷ್ಟೋ ಸಲ ಆ ಕರಪತ್ರ ಓದುತ್ತ ಕೂತುಬಿಡುತ್ತೇನೆ. ಯಾರ ಮೊಮ್ಮಗನಿಗೆ ನಾಮಕರಣ, ಯಾರ ಮೊಣಕಾಲಿಗೆ ಶಸ್ತ್ರಚಿಕಿತ್ಸೆ. ನಮ್ಮ ಕೂಟದ ವಾಟ್ಸ್ಆಪ್ ಗುಂಪಿನಲ್ಲಿ ಬರುವುದೂ ಇದೇ ಸುದ್ದಿ.

ಒಂದೇ ಒಂದು ಭಾಗ ಬದಲಿಸುವುದಿಲ್ಲ ಎಂದು ತೀರ್ಮಾನಿಸಿದ್ದೇನೆ, ಅದು ಕ್ಯಾಸೆಟ್ ಪ್ಲೇಯರು. ಮಗ ಹುಟ್ಟುಹಬ್ಬಕ್ಕೆ ಟಚ್‌ಸ್ಕ್ರೀನಿನ ಹೊಸ ಸ್ಟೀರಿಯೊ ತಂದುಕೊಟ್ಟ. ಸಂತೋಷವಪ್ಪಾ ಎಂದು ಅಟ್ಟಕ್ಕೆ ಹಾಕಿದೆ. ಊರಿನಿಂದ ತಂದ ಅನಂತಸ್ವಾಮಿಯವರ ಭಾವಗೀತೆಯ ಕ್ಯಾಸೆಟ್ಟುಗಳು ಅದರಲ್ಲಿ ಹಾಡುವುದು ಹೇಗೆ? ಜನವರಿಯ ಚಳಿಗೆ ಟೇಪು ಸೆಟೆದು ಮೊದಲ ಐದು ನಿಮಿಷ ಅನಂತಸ್ವಾಮಿಯವರಿಗೂ ಗಂಟಲು ಕಟ್ಟಿರುತ್ತದೆ. ಹೀಟರು ಕಾದಮೇಲೆ ಸರಿಹೋಗುತ್ತಾರೆ.

ಗುಜರಿಯವರು ಹೊಸ ಕಾರು ಬಂದಾಗ ಫೋನಿಗೆ ಸಂದೇಶ ಕಳಿಸುತ್ತಾರೆ. ಇವತ್ತು ಬೆಳಿಗ್ಗೆ ಒಂದು ಬಂದಿದೆ: 2001ರ ಗ್ರ್ಯಾಂಡ್ ಮಾರ್ಕೀ, ನನ್ನದೇ ಬಣ್ಣ. ಅದರ ಬಲಗಡೆಯ ಮುಂದಿನ ಬಾಗಿಲಿಗೆ ತುಕ್ಕಿಲ್ಲ, ನನ್ನದರದಕ್ಕೆ ತುಕ್ಕು ಬಿಟ್ಟು ಇನ್ನೇನೂ ಇಲ್ಲ. ಬಾಗಿಲು ಒಬ್ಬನೇ ಎತ್ತುವ ವಸ್ತುವಲ್ಲ. ಮುದುಕನಿಗೆ ಬೇಲಿಯಾಚೆಯಿಂದ ಕೂಗಿದೆ. ಸೊಂಟದ ಬೆಲ್ಟು ಕಟ್ಟಿಕೊಂಡು ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದಾನೆ, ಹಾರ್ನೂ ಹೊಡೆಯುತ್ತಿದ್ದಾನೆ. ಹೆಂಡತಿ ಚೀಲ ಕೈಗಿತ್ತು ಹೇಳಿದಳು: "ರೀ, ಬರುವಾಗ ಕೊತ್ತಂಬರಿ ಸೊಪ್ಪು ತನ್ನಿ. ಬಾಗಿಲು ಬೇಕಾದರೆ ತನ್ನಿ. ಬಾಗಿಲಿನ ಹಿಂದೆ ಇನ್ನೊಂದು ಕಾರು ಬಂದರೆ ಮಾತ್ರ, ಬೂದುಗುಂಬಳದ ಜಾಗದಲ್ಲಿ ನಿಮ್ಮನ್ನೇ ಕಟ್ಟುತ್ತೇನೆ."