ಚಾರ್ಟಿಗೂ ಒಂದು ಹೆಸರಿಡಿ

ವಿಂಡೋಸ್‌ನ ಎಕ್ಸೆಲ್‌ನಲ್ಲಿ ಚಾರ್ಟ್ ಮಾಡೋದು ಬಲು ಸಲೀಸು. ಅಂಕಿಗಳನ್ನು ಸೆಲೆಕ್ಟ್ ಮಾಡಿ ಆಲ್ಟ್ ಮತ್ತು ಎಫ್1 ಒಟ್ಟಿಗೆ ಒತ್ತಿದರೆ ಅದೇ ಶೀಟಿನಲ್ಲಿ ಚಾರ್ಟ್ ಪ್ರತ್ಯಕ್ಷ. ಬರೀ ಎಫ್11 ಒತ್ತಿದರೆ ಅದಕ್ಕೇ ಬೇರೆ ಶೀಟು. ಕಷ್ಟ ಶುರುವಾಗುವುದು ಆಮೇಲೆ. ಚಾರ್ಟುಗಳೆಲ್ಲ ಒಂದರ ಮೇಲೊಂದು ಬಿದ್ದಿರುತ್ತವೆ; ಹೆಸರು ನೋಡಿದರೆ ಚಾರ್ಟ್ 1, ಚಾರ್ಟ್ 2, ಚಾರ್ಟ್ 7. (ನಡುವಿನವು ಎಲ್ಲಿ ಹೋದವೋ, ಅಳಿಸಿದವರಿಗೇ ಗೊತ್ತು.)

ಆಲ್ಟ್ ಜೊತೆ ಎಫ್10 ಒತ್ತಿ. ಶೀಟಿನಲ್ಲಿರುವ ಚಾರ್ಟುಗಳ ಪಟ್ಟಿ ಪಕ್ಕದಲ್ಲಿ ತೆರೆದುಕೊಳ್ಳುತ್ತದೆ. ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿ ‘ಜಿಲ್ಲಾವಾರು ಮಾರಾಟ’ ಅಂತಲೋ ‘ಕರೆಂಟ್ ಬಿಲ್’ ಅಂತಲೋ ಬದಲಾಯಿಸಬಹುದು. ಚಾರ್ಟನ್ನು ಎಳೆಯುವಾಗ ಆಲ್ಟ್ ಹಿಡಿದುಕೊಂಡರೆ ಸೆಲ್‌ಗಳ ಅಂಚಿಗೆ ಸರಿಯಾಗಿ ಕೂರುತ್ತದೆ. ಅಂಕಿಗಳನ್ನು ಮೊದಲೇ ಕಂಟ್ರೋಲ್ ಟಿ ಒತ್ತಿ ಟೇಬಲ್ ಮಾಡಿಟ್ಟರಂತೂ, ಮುಂದಿನ ತಿಂಗಳ ಸಾಲು ಸೇರಿಸಿದಾಗ ಚಾರ್ಟ್ ತಾನೇ ಬೆಳೆಯುತ್ತದೆ.

ಇನ್ನು ಪೈ ಚಾರ್ಟ್. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಬಾರ್ ಚಾರ್ಟನ್ನೂ 1801ರಲ್ಲಿ ಪೈ ಚಾರ್ಟನ್ನೂ ಅಚ್ಚು ಹಾಕಿಸಿದ. ತಡವಾಗಿ ಬಂದದ್ದೇ ನಮ್ಮ ಆಫೀಸುಗಳಲ್ಲಿ ಮೊದಲ ಪಂಕ್ತಿಗೆ ಕೂತುಬಿಟ್ಟಿದೆ! ಕಣ್ಣು ಉದ್ದವನ್ನು ಅಳೆದಷ್ಟು ಚೆನ್ನಾಗಿ ಕೋನವನ್ನು ಅಳೆಯಲಾರದು. ಹನ್ನೆರಡು ಹೋಳು ಮಾಡಿ, ಮೇಲೆ ತ್ರೀಡಿ ಓರೆಯನ್ನೂ ಕೊಟ್ಟರೆ ಯಾವುದು ದೊಡ್ಡದು ಅಂತ ದೇವರೇ ಹೇಳಬೇಕು. ಮೂರ್ನಾಲ್ಕಕ್ಕಿಂತ ಹೆಚ್ಚು ಭಾಗಗಳಿದ್ದರೆ ದಯವಿಟ್ಟು ಬಾರ್ ಚಾರ್ಟ್ ಹಾಕಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅಕ್ಷವನ್ನು ಸೊನ್ನೆಯಿಂದಲೇ ಶುರು ಮಾಡಿ.