ಕರ್ನಲ್‌ಗೆ ಒಂದು ನಮಸ್ಕಾರ

ಮೈಸೂರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ "ನಿನ್ನ ಮೊಮ್ಮಗ ಕರ್ನಲ್ ಕೆಲಸದಲ್ಲಿ ಮುಳುಗಿದ್ದಾನೆ" ಎಂದದ್ದೇ ತಡ, "ಅಯ್ಯೋ, ಮಿಲಿಟರಿಗೆ ಯಾಕೆ ಸೇರಿದ್ನೇ?" ಎಂದು ಗಾಬರಿಯಾದಳು. ಆ ಕರ್ನಲ್ ಅಲ್ಲಮ್ಮ, ಇದು ಕಂಪ್ಯೂಟರಿನ ತಿರುಳು ಎಂದು ಬಿಡಿಸಿ ಹೇಳುವಷ್ಟರಲ್ಲಿ ನನ್ನ ಕಾಫಿ ಆರಿಹೋಗಿತ್ತು.

ಅವಳಿಗೆ ಅರ್ಥವಾದದ್ದು ದೇವಸ್ಥಾನದ ಹೋಲಿಕೆಯಿಂದ. ಗರ್ಭಗುಡಿಗೆ ಭಕ್ತರು ನುಗ್ಗುವಂತಿಲ್ಲ. ಹೊರಗೆ ಸೇವೆಗಳ ಬೋರ್ಡು ಇರುತ್ತದೆ. ಚೀಟಿ ಕೊಟ್ಟರೆ ಅರ್ಚಕರು ಒಳಗೆ ಪೂಜೆ ಮಾಡಿ ಪ್ರಸಾದ ತಂದುಕೊಡುತ್ತಾರೆ. ಕಂಪ್ಯೂಟರಿನಲ್ಲಿ ಡಿಸ್ಕು, ಮೆಮೊರಿ, ನೆಟ್‌ವರ್ಕ್ ಎಲ್ಲ ಗರ್ಭಗುಡಿಯೊಳಗೆ. ನಾವು ಬರೆಯುವ ಪ್ರೋಗ್ರಾಮುಗಳೆಲ್ಲ ಹೊರಗಿನ ಭಕ್ತರು. ಚೀಟಿಯ ಹೆಸರೇ ಸಿಸ್ಟಮ್ ಕಾಲ್. ಈಗಿನ 64 ಬಿಟ್ ಇಂಟೆಲ್ ಮಾದರಿಯ ಯಂತ್ರಗಳ ಲಿನಕ್ಸ್‌ನಲ್ಲಿ ಓದುವ ಸೇವೆಯ ಸಂಖ್ಯೆ 0, ಬರೆಯುವುದು 1, ಫೈಲ್ ತೆರೆಯುವುದು 2, ಮುಚ್ಚುವುದು 3. (ಸೊನ್ನೆಯಿಂದ ಎಣಿಸುವುದು ನಮ್ಮ ಕಸುಬಿನವರ ಹಳೆಯ ಚಟ!)

ಆಪರೇಟಿಂಗ್ ಸಿಸ್ಟಮ್ ಕೋರ್ಸಿನಲ್ಲಿ ಮಗನಿಗೆ ಸಿಕ್ಕ ಅಸೈನ್‌ಮೆಂಟು, ಈ ಬೋರ್ಡಿಗೆ ತನ್ನದೊಂದು ಸೇವೆ ಸೇರಿಸುವುದು. ಏನಾದರೊಂದು ವಾಕ್ಯ ವಾಪಸು ಕೊಟ್ಟರೆ ಸಾಕು. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮನೆಗೆ ಬಂದವನು ಊಟದ ಮೇಜಿನ ಮೇಲೇ ಲ್ಯಾಪ್‌ಟಾಪ್ ಹರಡಿಕೊಂಡು ಕೂತ. ಕರ್ನಲ್ ಜೊತೆಗೇ ಬರುವ ಕೈಪಿಡಿಯಲ್ಲಿ ಹೊಸ ಸಿಸ್ಟಮ್ ಕಾಲ್ ಸೇರಿಸುವ ಬಗ್ಗೆ ಒಂದು ಅಧ್ಯಾಯವೇ ಇದೆ. ಅದರ ಮೊದಲ ಸಲಹೆ ಏನು ಗೊತ್ತೇ? ಬೇರೆ ದಾರಿಯಲ್ಲಿ ಆಗುತ್ತದೆಯೇ, ಮೊದಲು ನೋಡಿ ಎಂಬುದು! ಮಗಳ ಮದುವೆಗೆ ಮೊದಲು ಹಿರಿಯರು ಕೇಳುವ ಹಾಗೆ.

ಅದಕ್ಕೆ ಕಾರಣವಿದೆ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಅವರು ಇನ್ನೊಂದಕ್ಕೆ ಕೊಡುವುದಿಲ್ಲ. 174ನೇ ಸಾಲಿನ ಸೇವೆ 2.6ನೇ ಆವೃತ್ತಿಯ ಹೊತ್ತಿಗೇ, ಅಂದರೆ 2003ರಲ್ಲೇ ನಿಂತುಹೋಗಿದೆ. ಹೆಸರು ಮಾತ್ರ ಪಟ್ಟಿಯಲ್ಲಿ ಹಾಗೇ ಉಳಿದಿದೆ. ಯಾರದೋ ಹಳೆಯ ಪ್ರೋಗ್ರಾಮು ಬಂದು ಆ ಚೀಟಿ ಕೊಟ್ಟರೆ, ಬೇರೆ ಯಾವುದೋ ಪೂಜೆ ಆಗಿಬಿಡಬಾರದಲ್ಲ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿ ಲಿನಕ್ಸ್ ಶುರುಮಾಡಿದ ಲೀನಸ್ ಟೋರ್ವಾಲ್ಡ್ಸ್, ಕರ್ನಲ್ ಬದಲಾದ ಕಾರಣಕ್ಕೆ ಬಳಸುವವರ ಪ್ರೋಗ್ರಾಮು ಕೆಡಬಾರದು ಎಂಬ ವಿಷಯದಲ್ಲಿ ಬಹಳ ಖಡಾಖಂಡಿ. ಈ ಹಟ ನನಗೆ ತುಂಬಾ ಹಿಡಿಸಿತು.

ಮಗ ಎಲ್ಲರಿಂದ ದೂರವಾಗಿ 548 ಆರಿಸಿಕೊಂಡ. ಪಟ್ಟಿಗೆ ಒಂದು ಸಾಲು, ಹತ್ತಿಪ್ಪತ್ತು ಸಾಲಿನ ಒಂದು ಫಂಕ್ಷನ್, ಆಮೇಲೆ ಇಡೀ ಕರ್ನಲ್ ಕಂಪೈಲ್. ವಾಕ್ಯ ಯಾವುದು ಎಂದು ಕೇಳಿದೆ. "ನಮಸ್ಕಾರ. ಕನ್ನಡದಲ್ಲೇ" ಎಂದ. ನಮ್ಮ ಭಾನುವಾರದ ಕನ್ನಡ ಕ್ಲಾಸಿನಲ್ಲಿ ಒತ್ತಕ್ಷರ ಬಂದರೆ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದ ಹುಡುಗ ಇವನೇ!

ನ, ಮ, ಸ್ಕಾ, ರ ಎಂದು ನಾಲ್ಕಕ್ಷರ ಎಣಿಸಿದ. ಕೊನೆಯ ಸೊನ್ನೆಗೊಂದು ಸೇರಿಸಿ 5 ಬೈಟ್ ಜಾಗ ಇಟ್ಟ. ತೆರೆಯ ಮೇಲೆ ಬಂದದ್ದು 'ನ', ಅದರ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ. ಕಾಗದ ತೆಗೆದುಕೊಂಡು ಇಬ್ಬರೂ ಕೂತೆವು. 'ಸ್ಕಾ' ನಮ್ಮ ಬಾಯಿಗೆ ಒಂದೇ ಅಕ್ಷರವಾದರೂ ಯೂನಿಕೋಡ್‌ನಲ್ಲಿ ಸ, ಅದನ್ನು ಅರ್ಧ ಮಾಡುವ ವಿರಾಮ ಚಿಹ್ನೆ, ಕ, ದೀರ್ಘ ಹೀಗೆ ನಾಲ್ಕು. ಒಟ್ಟು 7. ಒಂದೊಂದಕ್ಕೂ 3 ಬೈಟ್: ಬರೀ 'ನ' ಎಂದರೇ 224, 178, 168. ಅಂತೂ 21, ಕೊನೆಯ ಸೊನ್ನೆ ಸೇರಿ 22. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದರೆ 9ಕ್ಕೇ ಮುಗಿಯುತ್ತಿತ್ತು. ಕರ್ನಲ್‌ಗೆ ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಕೊಟ್ಟ ಬೈಟುಗಳನ್ನು ಕೊಟ್ಟ ಹಾಗೇ ಹಿಂದಿರುಗಿಸುತ್ತದೆ. ಒಂದು ವಿಷಯದಲ್ಲಿ ಮಾತ್ರ ಬಲು ಅನುಮಾನ. ಉತ್ತರ ಇಡಬೇಕಾದ ಜಾಗ ನಿಜವಾಗಿ ಆ ಪ್ರೋಗ್ರಾಮಿನದೇ ಎಂದು ನೋಡಿಯೇ ಮುಟ್ಟುತ್ತದೆ. ಮಗ ಬೇಕೆಂದೇ ಸುಳ್ಳು ವಿಳಾಸ ಕೊಟ್ಟು ಪರೀಕ್ಷಿಸಿದ. ತಪ್ಪು ವಿಳಾಸ ಎಂಬ ಅರ್ಥದ 14ನೇ ದೋಷ ಹೇಳಿ ಸುಮ್ಮನಾಯಿತು, ನಮ್ಮೂರ ಪೋಸ್ಟ್‌ಮ್ಯಾನ್ ತರಹ.

ರಾತ್ರಿ ಹನ್ನೊಂದೂವರೆಗೆ ಕಪ್ಪು ತೆರೆಯ ಮೇಲೆ 'ನಮಸ್ಕಾರ' ಎಂದು ಪೂರ್ತಿ ಮೂಡಿತು. ನಾನು ಇಪ್ಪತ್ತು ವರ್ಷ ಪ್ರೋಗ್ರಾಮಿಂಗ್ ಮಾಡಿದ್ದರೂ ಗರ್ಭಗುಡಿಯ ಹೊರಗೇ ನಿಂತವಳು. ಒಳಗಿನಿಂದ ಕನ್ನಡ ಬಂದದ್ದನ್ನು ಕಂಡಾಗ ಗಂಟಲು ಕಟ್ಟಿತು. ಮಗನಿಗೆ ಕಾಣಿಸದಿರಲೆಂದು ಪಾತ್ರೆ ತೊಳೆಯಲು ಎದ್ದುಹೋದೆ.

ಅಷ್ಟರಲ್ಲೇ ಅವನು ಆ ಪ್ರೋಗ್ರಾಮನ್ನು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗಳಿಗೆ ಕಳಿಸಿಬಿಟ್ಟಿದ್ದ. ಅವಳ ಲಿನಕ್ಸ್‌ನಿಂದ ಬಂದ ಉತ್ತರ 38ನೇ ದೋಷ: ಅಂಥ ಸೇವೆ ಇಲ್ಲಿಲ್ಲ. ಇಲ್ಲದಿರುವುದು ಸಹಜವೇ. 548 ಇರುವುದು ಇಡೀ ಪ್ರಪಂಚದಲ್ಲಿ ನಮ್ಮ ಊಟದ ಮೇಜಿನ ಮೇಲಿನ ಒಂದು ವರ್ಚುವಲ್ ಯಂತ್ರದಲ್ಲಿ. ಆದರೂ ಹುಡುಗನ ಮುಖ ಸಣ್ಣಗಾಯಿತು. "ಮೈಸೂರಲ್ಲೇ ನಮಸ್ಕಾರ ಬರ್ತಿಲ್ಲ" ಅಂದ.

ಮರುದಿನ ಅವನು ಸೇರಿಸಿದ ಸಾಲುಗಳನ್ನೆಲ್ಲ ಪ್ಯಾಚ್ ಮಾಡಿ ಕಳಿಸಿದ. ಆ ಹುಡುಗಿ ಕಂಪೈಲಿಗೆ ಹಾಕಿದ್ದಾಳಂತೆ. ಲ್ಯಾಪ್‌ಟಾಪ್ ಹಳೆಯದು, ಫ್ಯಾನು ಗುಂಯ್‌ಗುಡುವುದು ಪಕ್ಕದ ಕೋಣೆಗೂ ಕೇಳಿಸುತ್ತದೆ, ಯಾವಾಗ ಮುಗಿಯುತ್ತೋ ಎಂದು ಅಮ್ಮ ಫೋನಿನಲ್ಲಿ ಗೊಣಗಿದಳು.