ಸಾಗಣೆ ಎಂಬ ಮಾತು

ಹನ್ನೂರಿನ ಕಡೆ 'ಸಾಗಣೆ' ಎಂದರೆ ಮೊದಲು ಕಣ್ಣಮುಂದೆ ಬರುವುದು ಕಬ್ಬು. ಹಂಗಾಮು ಬಂತೆಂದರೆ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಎಳೆದುಕೊಂಡು ಕಾರಖಾನೆಯ ದಾರಿ ಹಿಡಿಯುತ್ತವೆ. ಉಳ್ಳಾಗಡ್ಡಿಯ ಚೀಲಗಳು ಸೋಲಾಪುರದ ಪೇಟೆಗೆ ಸಾಗುತ್ತವೆ. ಸಾಗುವ ಸರಕಿಗೆ ಒಬ್ಬ ಮಾರುವವ, ಒಬ್ಬ ಕೊಳ್ಳುವವ, ನಡುವೆ ಒಬ್ಬ ದಲಾಲ. ಸರಕನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ಇದೇ ಮಾತು ಪತ್ರಿಕೆಯಲ್ಲಿ 'ಮಾನವ ಕಳ್ಳಸಾಗಣೆ' ಎಂದು ಅಚ್ಚಾದಾಗ ಗಟ್ಟಿಯಾಗಿ ಓದುತ್ತಿರುವ ಮಕ್ಕಳು ತಡವರಿಸುತ್ತಾರೆ. "ಮನಷ್ಯಾರ್ನ ಹ್ಯಾಂಗ ಸಾಗಸ್ತಾರ್ರಿ ಅಕ್ಕಾರ?" ಎಂದು ಏಳನೆಯ ಇಯತ್ತೆಯ ಹುಡುಗಿ ಕೇಳಿದರೆ ಶಿಕ್ಷಕಿಯ ಮುಂದೆ ಎರಡು ದಾರಿಗಳಿವೆ: ಮುಂದಿನ ಸಾಲಿಗೆ ಹೋಗುವುದು, ಇಲ್ಲವೇ ಉತ್ತರ ಕೊಡುವುದು. ಮುಂದಿನ ಸಾಲಿಗೆ ಹೋಗುವವರೇ ಹೆಚ್ಚು. ಅವರನ್ನು ದೂರಿ ಫಲವಿಲ್ಲ. ಈ ಪ್ರಶ್ನೆಯ ಬಗ್ಗೆ ದೊಡ್ಡವರ ಲೋಕವೇ ಇನ್ನೂ ಜಗಳದಲ್ಲಿದೆ.

ಜಗಳದ ಸ್ವರೂಪವನ್ನು ಚಿಕ್ಕದಾಗಿ ಹೇಳಬಹುದು. ವೇಶ್ಯಾವೃತ್ತಿಯನ್ನು ಕಾನೂನುಬದ್ಧಗೊಳಿಸಿದರೆ ಹೆಂಗಸರಿಗೆ ಪೊಲೀಸರ ಭಯ, ರೌಡಿಗಳ ಕಾಟ ತಪ್ಪುತ್ತದೆ ಎನ್ನುವವರು ಒಂದು ಕಡೆ; ಹಾಗೆ ಮಾಡಿದರೆ ಬೇಡಿಕೆ ಹೆಚ್ಚಿ, ಹಳ್ಳಿಗಳಿಂದ ಹುಡುಗಿಯರನ್ನು ತಂದು ಮಾರುವುದೂ ಹೆಚ್ಚುತ್ತದೆ ಎನ್ನುವವರು ಇನ್ನೊಂದು ಕಡೆ. ಸ್ವೀಡನ್ 1999ರಲ್ಲಿ ಕೊಳ್ಳುವವನನ್ನು ಅಪರಾಧಿಯನ್ನಾಗಿ ಮಾಡಿ ಹೆಣ್ಣನ್ನು ಬಿಟ್ಟಿತು. ಜರ್ಮನಿ 2002ರಲ್ಲಿ ಅದನ್ನೊಂದು ಕಸುಬೆಂದು ಒಪ್ಪಿತು. ನ್ಯೂಜಿಲೆಂಡ್ 2003ರಲ್ಲಿ ಇಬ್ಬರನ್ನೂ ಶಿಕ್ಷೆಯಿಂದ ಹೊರಗಿಟ್ಟಿತು. ಮೂರೂ ಕಡೆ ವಾದ ಮುಗಿದಿಲ್ಲ. ಆ ದೇಶಗಳ ಲೆಕ್ಕವನ್ನು ಸೋಲಾಪುರ ಜಿಲ್ಲೆಗೆ ತಂದು ಒಗ್ಗಿಸುವುದು ಕಷ್ಟ, ಏಕೆಂದರೆ ಅಲ್ಲಿ ಯಾರೂ ಏಳು ವರ್ಷದ ಮಗುವಿನ ಕೊರಳಿಗೆ ಮುತ್ತು ಕಟ್ಟುತ್ತಿರಲಿಲ್ಲ.

ಗಡಿಭಾಗದ ಕನ್ನಡಿಗರಿಗೆ ಈ ಮುತ್ತಿನ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಸವದತ್ತಿಯ ಗುಡ್ಡಕ್ಕೆ ಹುಣ್ಣಿಮೆಗೆ ಹೊರಡುವ ಭಕ್ತರಲ್ಲಿ ಕರ್ನಾಟಕದವರಷ್ಟೇ ಅಲ್ಲ, ಮಹಾರಾಷ್ಟ್ರದವರೂ ಇದ್ದಾರೆ. ಭಕ್ತಿ ಬೇರೆ, ಮುತ್ತು ಕಟ್ಟುವುದು ಬೇರೆ. ಆದರೆ ಬಡತನ, ತಲೆಯಲ್ಲಿ ಜಡೆಗಟ್ಟಿದ ಕೂದಲು, ಗಂಡುಮಕ್ಕಳಿಲ್ಲದ ಮನೆ, ಇವುಗಳಲ್ಲಿ ಒಂದನ್ನು ನೆಪ ಮಾಡಿಕೊಂಡು, ಹೆಚ್ಚಾಗಿ ದಲಿತರ ಕೇರಿಯ ಹೆಣ್ಣುಮಗುವನ್ನೇ ದೇವಿಗೆ ಬಿಡುತ್ತಿದ್ದರು. ದೇವಿಗೆ ಬಿಟ್ಟ ಮಗು ಮೈನೆರೆದ ಮೇಲೆ ಊರ ಉಳ್ಳವರ ಪಾಲಾಗುತ್ತಿತ್ತು. ಅಲ್ಲಿಂದ ಸಾಂಗ್ಲಿ, ಪುಣೆ, ಮುಂಬೈಯ ಕೇರಿಗಳಿಗೆ ಹೋಗಲು ಒಬ್ಬ ಪರಿಚಯದವಳು, ಒಂದು ರೈಲು ಟಿಕೆಟ್ಟು ಸಾಕಾಗಿತ್ತು. ಮುಂಬಯಿ ಪ್ರಾಂತ 1934ರಲ್ಲಿಯೇ ಇದನ್ನು ಕಾಯ್ದೆಬಾಹಿರವೆಂದಿತು. ಕರ್ನಾಟಕ 1982ರಲ್ಲಿ ಕಾಯ್ದೆ ತಂದಿತು. ಹೆತ್ತವರೇ ಮಗಳನ್ನು ಅರ್ಪಿಸಿದರೆ ಶಿಕ್ಷೆ ಹೆಚ್ಚು ಎಂದು ಅದು ಹೇಳಿತು. ಮಹಾರಾಷ್ಟ್ರದ ಹೊಸ ಕಾಯ್ದೆ 2005ರದು. ಇಷ್ಟಾದರೂ 1993-94 ಮತ್ತು 2007-08ರ ಎರಡು ಸಮೀಕ್ಷೆಗಳಲ್ಲಿ ಕರ್ನಾಟಕ ಸರಕಾರ ಗುರುತಿಸಿದ ದೇವದಾಸಿಯರ ಸಂಖ್ಯೆ 46,660. ಲೆಕ್ಕಕ್ಕೆ ಸಿಕ್ಕವರಷ್ಟೇ ಈ ಸಂಖ್ಯೆಯಲ್ಲಿದ್ದಾರೆ.

ಈ ವಾದವನ್ನು ದಿಲ್ಲಿಯ ಸಭೆಗಳಲ್ಲಿ ಹುಡುಕುವುದಕ್ಕಿಂತ, ಒಂದೇ ಮುತ್ತಿನ ಕಥೆಯಿಂದ ಹೊರಟು ಎರಡು ದಿಕ್ಕಿಗೆ ನಡೆದ ಹೆಂಗಸರಲ್ಲಿ ಹುಡುಕುವುದು ಮೇಲು. ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿ ಅವರನ್ನು ಏಳನೆಯ ವಯಸ್ಸಿನಲ್ಲಿ ದೇವದಾಸಿಯನ್ನಾಗಿ ಮಾಡಲಾಗಿತ್ತು. ಮುಂದೆ ಅವರು ತಮ್ಮಂತಹವರನ್ನೇ ಕೂಡಿಸಿ, ಘಟಪ್ರಭೆಯ 'ಮಾಸ್' ಸಂಸ್ಥೆಯ ಮೂಲಕ ಮುತ್ತು ಕಟ್ಟುವುದನ್ನು ತಡೆಯುವ ಕೆಲಸಕ್ಕೆ ನಿಂತರು. 2018ರಲ್ಲಿ ಪದ್ಮಶ್ರೀ ಪಡೆದರು. ಇದು ಒಂದು ದಿಕ್ಕು: ಇದು ನಿಲ್ಲಬೇಕು, ಇನ್ನೊಂದು ಮಗುವಿಗೆ ಇದು ಆಗಕೂಡದು. ಇನ್ನೊಂದು ದಿಕ್ಕು ಸಾಂಗ್ಲಿಯದು. ಅಲ್ಲಿ 1996ರಲ್ಲಿ 'ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್' ಹುಟ್ಟಿತು. ಅದರಲ್ಲಿ ಸೇರಿದವರಲ್ಲಿ ಕನ್ನಡ ಮನೆಮಾತಿನ, ದೇವದಾಸಿ ಹಿನ್ನೆಲೆಯ ಹೆಂಗಸರೂ ಇದ್ದಾರೆ. ಅವರ ಮಾತು ಹೀಗಿದೆ: ನಾವು ದುಡಿಯುತ್ತೇವೆ, ಮಕ್ಕಳನ್ನು ಓದಿಸುತ್ತೇವೆ, ಉದ್ಧಾರಕರಿಂದ ನಮ್ಮನ್ನು ಉಳಿಸಿ. ದಾಳಿ ಮಾಡಿ, ಎಳೆದು ವ್ಯಾನಿಗೆ ಹಾಕಿ, ಸುಧಾರಣಾಗೃಹದಲ್ಲಿ ಕೂಡಿಹಾಕುವುದನ್ನು ಅವರು ಉದ್ಧಾರವೆಂದು ಒಪ್ಪುವುದಿಲ್ಲ.

ಸಭ್ಯ ಮನೆಗಳಿಗೆ ಮೊದಲನೆಯ ಮಾತು ಹಿಡಿಸುತ್ತದೆ, ಎರಡನೆಯದು ಇರಿಸುಮುರಿಸು ತರುತ್ತದೆ. ಆದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಜಗಳ ಅಂದುಕೊಂಡಷ್ಟು ಇಲ್ಲವೆನ್ನುವುದು ಕಾಣುತ್ತದೆ. ಸೀತವ್ವ ಮಾತನಾಡುವುದು ಏಳು ವರ್ಷದವಳ ಪರವಾಗಿ. ಸಾಂಗ್ಲಿಯ ಹೆಂಗಸರು ಮಾತನಾಡುವುದು ಮೂವತ್ತು ವರ್ಷದವಳ ಪರವಾಗಿ. ಏಳು ವರ್ಷದವಳಿಗೆ ಒಪ್ಪಿಗೆ ಎನ್ನುವ ಮಾತೇ ಇಲ್ಲ. 2000ದ ವಿಶ್ವಸಂಸ್ಥೆಯ ಒಡಂಬಡಿಕೆಯೂ ಮಕ್ಕಳ ವಿಷಯದಲ್ಲಿ ಒಪ್ಪಿಗೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂವತ್ತು ವರ್ಷದವಳಿಗೆ ಒಪ್ಪಿಗೆಯೂ ಇದೆ, ಬೇಸರವೂ ಇದೆ, ಸಾಲವೂ ಇದೆ, ಇಳಿವಯಸ್ಸಿನ ಭಯವೂ ಇದೆ, ಅವಳದೇ ಆದ ತೀರ್ಮಾನವೂ ಇದೆ. ಇಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟಿ 'ಪೀಡಿತರು' ಎಂದೋ 'ಕಾರ್ಯಕರ್ತೆಯರು' ಎಂದೋ ಕರೆದಾಗಲೇ ತೊಡಕು ಹುಟ್ಟುವುದು. ಮೂವತ್ತರವಳು ಒಮ್ಮೆ ಏಳರವಳಾಗಿದ್ದಳು ಎಂಬುದನ್ನೂ ಮರೆಯಬಾರದು. ಆದರೆ ಅಂದು ಕಸಿದುಕೊಂಡದ್ದನ್ನು ಇಂದು ಅವಳನ್ನು ಬೀಗದೊಳಗಿಟ್ಟು ಹಿಂತಿರುಗಿಸಲಾಗದು.

ನಮ್ಮ ಕಾಯ್ದೆ ಏನು ಹೇಳುತ್ತದೆ ಎಂಬುದನ್ನು ಬಹುಮಂದಿ ತಪ್ಪಾಗಿ ತಿಳಿದಿದ್ದಾರೆ. 1956ರ ಕಾಯ್ದೆಗೆ 1986ರ ತಿದ್ದುಪಡಿಯಿಂದ ಅನೈತಿಕ ವ್ಯವಹಾರ ತಡೆ ಕಾಯ್ದೆ ಎಂಬ ಈಗಿನ ಹೆಸರು ಬಂತು. ವಯಸ್ಕ ಹೆಣ್ಣು ಹಣಕ್ಕೆ ಮೈ ಒಪ್ಪಿಸುವುದೇ ಅಪರಾಧವೆಂದು ಅದು ಹೇಳುವುದಿಲ್ಲ. ಮನೆ ನಡೆಸುವುದು, ಹೆಣ್ಣನ್ನು ತರುವುದು, ಬೀದಿಯಲ್ಲಿ ಕರೆಯುವುದು, ಶಾಲೆ-ಗುಡಿಗಳ ಸಮೀಪ ಅದನ್ನು ನಡೆಸುವುದು, ಇವು ಅಪರಾಧ. 2020ರ ಸೆಪ್ಟೆಂಬರಿನಲ್ಲಿ ಮುಂಬೈ ಹೈಕೋರ್ಟು ಇದನ್ನೇ ಸ್ಪಷ್ಟಪಡಿಸಿ, ಸುಧಾರಣಾಗೃಹದಲ್ಲಿಟ್ಟಿದ್ದ ಮೂವರು ವಯಸ್ಕ ಹೆಂಗಸರನ್ನು ಬಿಡಿಸಿತು. ಅವರ ಸಮುದಾಯದಲ್ಲಿ ಈ ರೂಢಿ ಇದೆ ಎಂಬುದು ಅವರನ್ನು ಕೂಡಿಹಾಕಲು ಕೆಳಗಿನ ನ್ಯಾಯಾಲಯ ಗಮನಿಸಿದ್ದ ಸಂಗತಿಗಳಲ್ಲೊಂದಾಗಿತ್ತು. 2022ರ ಮೇ 19ರಂದು ಸುಪ್ರೀಂ ಕೋರ್ಟು ಇವರೊಂದಿಗೆ ಘನತೆಯಿಂದ ನಡೆದುಕೊಳ್ಳಬೇಕೆಂದು ಪೊಲೀಸರಿಗೆ ತಿಳಿವಳಿಕೆ ನೀಡಲು ಆದೇಶಿಸಿತು. ವೇಶ್ಯಾವೃತ್ತಿಗೆ ಮಾನ್ಯತೆ ಸಿಕ್ಕಿತೆಂದು ಆಮೇಲೆ ಎಷ್ಟೋ ಪತ್ರಿಕೆಗಳು ಬರೆದವು. ಕೋರ್ಟು ಕಾಯ್ದೆಯನ್ನು ಬದಲಿಸಿರಲಿಲ್ಲ.

ಇದೇ ಕಾಯ್ದೆಯ ನಾಲ್ಕನೆಯ ಕಲಮು ಒಂದಿದೆ. ವೇಶ್ಯಾವೃತ್ತಿಯ ಗಳಿಕೆಯ ಮೇಲೆ ತಿಳಿದೂ ಬದುಕುವ, 18 ದಾಟಿದ ಯಾರಿಗಾದರೂ ಎರಡು ವರ್ಷದವರೆಗೆ ಸಜೆ ಎನ್ನುತ್ತದೆ ಅದು. ದಲಾಲನನ್ನು ಹಿಡಿಯಲು ಹಾಕಿದ ಬಲೆ. ಆದರೆ ತಾಯಿಯ ದುಡ್ಡಿನಲ್ಲಿ ಕಾಲೇಜು ಓದುತ್ತಿರುವ ಹತ್ತೊಂಬತ್ತರ ಮಗನೂ, ಮನೆಯಲ್ಲಿ ಕೆಮ್ಮುತ್ತ ಕುಳಿತ ಅಜ್ಜಿಯೂ ಅಕ್ಷರಶಃ ಓದಿದರೆ ಅದೇ ಬಲೆಯೊಳಗೆ ಬರುತ್ತಾರೆ. ಕಾನೂನುಬದ್ಧಗೊಳಿಸಬೇಕೋ ಬೇಡವೋ ಎಂಬ ದೊಡ್ಡ ಪ್ರಶ್ನೆ ತೀರುವವರೆಗೆ ಕಾಯದೆ, ಈ ಒಂದು ಕಲಮನ್ನಾದರೂ ತಿದ್ದಬಹುದಿತ್ತು.

ಮಾರುವವನ ವಿಷಯದಲ್ಲಿ ಮಾತ್ರ ಮೆದುತನಕ್ಕೆ ಕಾರಣವಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಮಿನಲ್ಲಿ ಮನುಷ್ಯರನ್ನು ಮಾರುವುದಕ್ಕೆ ಕಡಿಮೆಯೆಂದರೆ ಏಳು ವರ್ಷ, ಮಗುವಾಗಿದ್ದರೆ ಹತ್ತು ವರ್ಷದಿಂದ ಆಜೀವ ಸಜೆ. ಕಲಮು ಬಲವಾಗಿದೆ. ಅದರವರೆಗೆ ಮುಟ್ಟುವುದೇ ಕಠಿಣ. ಮಾರುವವನು ಸಿನಿಮಾದಲ್ಲಿ ಬರುವಂತೆ ಕಪ್ಪು ಕೋಟು ತೊಟ್ಟು ಬರುವುದಿಲ್ಲ. ವರದಕ್ಷಿಣೆ ಬೇಡದ ವರನಾಗಿ ಬರುತ್ತಾನೆ. ಪುಣೆಯಲ್ಲಿ ಮನೆಗೆಲಸ ಕೊಡಿಸುವ ದೂರದ ಅತ್ತೆಯಾಗಿ ಬರುತ್ತಾಳೆ. ಮೊದಲೇ ಕೈಯಲ್ಲಿ ಹಣವಿಟ್ಟು ಆಮೇಲೆ ಹುಡುಗಿಯನ್ನು ಕೇಳುವ ಮುಕಾದಮನಾಗಿಯೂ ಬರಬಹುದು. ಆ ಮುಂಗಡವೇ ಹುಡುಗಿಯ ತಲೆಯ ಮೇಲಿನ ಸಾಲವಾಗಿ ಬೆಳೆಯುತ್ತದೆ. ಅದು ತೀರುವವರೆಗೆ ಬಾಗಿಲು ತೆರೆಯುವುದಿಲ್ಲ, ತೀರಿತೆಂದು ಹೇಳುವವನೂ ಅವನೇ. ಊರಿನ ಶಾಲೆ ಮುಗಿದು, ಮುಂದಿನ ಶಾಲೆ ದೂರವೆಂದು ಮನೆಯಲ್ಲಿ ಕುಳಿತ ಹುಡುಗಿಗೆ ಇಂತಹ ವರ ಬೇಗ ಸಿಗುತ್ತಾನೆ. ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ ದೀಪಾವಳಿ ರಜೆಯ ಮುಂದೆ ಖಾಲಿಯಾಗುವ ಕಟ್ಟುಗಳನ್ನು ಯಾರಾದರೂ ಎಣಿಸಿ, ಹುಡುಗಿ ಎಲ್ಲಿಗೆ ಹೋದಳೆಂದು ಮನೆಯವರೆಗೆ ಹೋಗಿ ಕೇಳಿದರೆ ಬಹಳಷ್ಟು ಕೆಲಸ ಅಲ್ಲಿಯೇ ಆಗುತ್ತದೆ. 1098ಕ್ಕೆ ಫೋನು ಮಾಡಲು ಮರಾಠಿಯೂ ಬೇಕಿಲ್ಲ, ಹೆಸರೂ ಹೇಳಬೇಕಿಲ್ಲ.

ಮರಾಠಿಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಗಡಿಯ ಹುಡುಗಿ ಮುಂಬೈಯಲ್ಲಿಯೋ ಪುಣೆಯಲ್ಲಿಯೋ ಸಿಕ್ಕರೆ ಅವಳನ್ನು ಮಾತನಾಡಿಸುವವರು ಮರಾಠಿ, ಹಿಂದಿಯವರು. ಭಯಗೊಂಡ ಹುಡುಗಿಗೆ ಬಾಯಲ್ಲಿ ಬರುವುದು ಮನೆಮಾತು. ಅವಳು ಹೇಳಿದ 'ಅತ್ತಿ' ಯಾವ ಅತ್ತೆ, 'ನಮ್ಮೂರ' ಎಂದರೆ ಯಾವ ಊರು ಎಂಬುದು ಕಾಗದಕ್ಕೆ ಇಳಿಯುವಷ್ಟರಲ್ಲಿ ಅರ್ಧ ಅಳಿಸಿರುತ್ತದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ 2012ರ ಕಾಯ್ದೆ ಹೇಳಿಕೆ ಬರೆದುಕೊಳ್ಳುವಾಗ ಭಾಷಾಂತರಕಾರರ ನೆರವು ಪಡೆಯಲು ಅವಕಾಶ ಕೊಟ್ಟಿದೆ. ಅನೈತಿಕ ವ್ಯವಹಾರ ತಡೆ ಕಾಯ್ದೆಯಂತೂ ಬಿಡಿಸಿದವಳನ್ನು ಎಲ್ಲಿಗೆ ಕಳಿಸಬೇಕೆಂದು ನಿರ್ಧರಿಸುವಾಗ ಐವರು ಗೌರವಸ್ಥರನ್ನು, ಸಾಧ್ಯವಾದಲ್ಲೆಲ್ಲ ಅವರಲ್ಲಿ ಮೂವರು ಹೆಂಗಸರನ್ನು, ಜೊತೆಗೆ ಕರೆಸಿಕೊಳ್ಳಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿತ್ತಿದೆ. ಸೋಲಾಪುರದಲ್ಲಿ, ಅಕ್ಕಲಕೋಟೆಯಲ್ಲಿ ನಿವೃತ್ತರಾದ ಕನ್ನಡ ಶಿಕ್ಷಕಿಯರಿಗೆ ಕೊರತೆಯಿಲ್ಲ. ಆ ಐವರಲ್ಲಿ ಅವರೊಬ್ಬರಿರಲಿ ಎಂದು ಕನ್ನಡ ಸಂಘಗಳು ಕೇಳಬಹುದು. ರಾಜ್ಯೋತ್ಸವದ ಮೆರವಣಿಗೆಗಿಂತ ಇದಕ್ಕೆ ಖರ್ಚು ಕಡಿಮೆ.

ಮಾತು ಮುಗಿಯುವ ಮೊದಲು ಶಾಲೆಯ ಬೆಂಚಿಗೇ ಬರಬೇಕು, ಏಕೆಂದರೆ ಆ ಹೆಂಗಸರ ಮಕ್ಕಳೂ ಓದುತ್ತಾರೆ. ಇವರಿಗೆ ಬೇರೆಯೇ ಶಾಲೆ, ಬೇರೆಯೇ ವಸತಿಗೃಹ ಬೇಕೆಂದು 1980ರ ದಶಕದ ಕೊನೆಯಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬಂದಿತ್ತು. ಬೇರ್ಪಡಿಸುವುದು ಆ ಮಕ್ಕಳ ಹಿತಕ್ಕೂ ಸಮಾಜದ ಹಿತಕ್ಕೂ ಒಳ್ಳೆಯದಲ್ಲವೆಂದು ನ್ಯಾಯಾಲಯ ಒಪ್ಪಲಿಲ್ಲ. 1997ರ ತೀರ್ಪಿನಲ್ಲಿ ಅವರೂ ಎಲ್ಲರಂತೆ ಸಮಾನ ಅವಕಾಶಕ್ಕೆ ಹಕ್ಕುದಾರರೆಂದು ಹೇಳಿತು. ಅಂದರೆ ಅದೇ ಬೆಂಚು, ಅದೇ ಮಧ್ಯಾಹ್ನದ ಊಟ. ನ್ಯಾಯಾಲಯ ಬೆಂಚನ್ನು ಕೊಡಿಸಬಲ್ಲದು. ಪಕ್ಕದ ಮಗುವಿಗೆ ಮನೆಯಲ್ಲಿ "ಆ ಹುಡುಗಿ ಕೂಡ ಕುಂದರಬ್ಯಾಡ" ಎಂದು ಹೇಳಿಕೊಡುವುದನ್ನು ತಡೆಯಲಾರದು.

ಸೊನ್ನಲಿಗೆಯ ಸಿದ್ಧರಾಮ ಹೋಗಿ ಸೇರಿದ ಕಲ್ಯಾಣದ ಶರಣರ ಸಾಲಿನಲ್ಲಿಯೇ ಸೂಳೆ ಸಂಕವ್ವೆ ಎಂಬ ಶರಣೆಯ ಹೆಸರಿದೆ. ಅವಳ ಒಂದೇ ವಚನ ಉಳಿದಿದೆ. ತನ್ನ ಕಸುಬಿನ ಒಪ್ಪಂದದ ಮಾತಿನಲ್ಲಿಯೇ ವ್ರತದ ನಿಷ್ಠೆಯನ್ನು ಅದು ಹೇಳುತ್ತದೆ. ಅಂಕಿತ, ನಿರ್ಲಜ್ಜೇಶ್ವರ. ಅವಳ ಕಸುಬಿನ ಹೆಸರನ್ನು ಪರಂಪರೆ ಅಳಿಸಲಿಲ್ಲ, ವಚನವನ್ನೂ ಬಿಟ್ಟುಕೊಡಲಿಲ್ಲ.

ಮಹಾರಾಷ್ಟ್ರ ಸರಕಾರ 2024ರ ಮಾರ್ಚಿನಲ್ಲಿ ಒಂದು ನಿರ್ಣಯ ಮಾಡಿತು. ಆ ವರ್ಷದ ಮೇ 1ರಿಂದ ಹುಟ್ಟುವ ಮಕ್ಕಳ ಶಾಲಾ ದಾಖಲೆಯಲ್ಲಿ ಮೊದಲು ಮಗುವಿನ ಹೆಸರು, ಆಮೇಲೆ ತಾಯಿಯ ಹೆಸರು, ಅದರ ನಂತರ ತಂದೆಯದು, ಅಡ್ಡಹೆಸರು. ಆ ಮಕ್ಕಳು ಒಂದನೆಯ ಇಯತ್ತೆಗೆ ಬರಲು ಇನ್ನೂ ಕೆಲವು ವರ್ಷಗಳಿವೆ. ಅಲ್ಲಿಯವರೆಗೆ ಪ್ರವೇಶದ ದಿನ ಹಳೆಯ ಅರ್ಜಿಯ ಮುಂದೆ ಕುಳಿತ ತಾಯಿಯನ್ನು ಯಾವ ದನಿಯಲ್ಲಿ ಕೇಳಬೇಕೆಂಬುದು ಶಾಲೆಯವರ ಕೈಯಲ್ಲಿದೆ.